ಸಂಘದ ಕೆಲಸ ಫಾರ್ಮ್-4ರಿಂದ ಶುರುವಾಗಬೇಕು

ಸಂಪಾದಕರಿಗೆ,

ಮಾನ್ಯರೇ,

ಸಾರಿಗೆ ನೌಕರರ ಸಂಘಗಳು ಸುದ್ದಿಯಾಗುವುದು ಬಸ್ಸು ನಿಂತ ದಿನ ಮಾತ್ರ. 2020ರ ಡಿಸೆಂಬರ್‌ನಲ್ಲಿ ಹಾಗಾಯಿತು, 2021ರ ಏಪ್ರಿಲ್‌ನಲ್ಲಿ ಎರಡು ವಾರ ಹಾಗೇ ಆಯಿತು, 2025ರ ಆಗಸ್ಟ್ 5ರಂದು ಮತ್ತೆ ಆಯಿತು. ಖಾಲಿ ಪ್ಲಾಟ್‌ಫಾರ್ಮು, ಗಂಟುಮೂಟೆ ಇಟ್ಟುಕೊಂಡು ಕೂತ ಜನ, ದುಪ್ಪಟ್ಟು ಕೇಳುವ ಟೆಂಪೊದವರು. ಇದನ್ನೆಲ್ಲ ಕಂಡ ಓದುಗರು ಸಂಘ ಅಂದರೆ ಮುಷ್ಕರ ಎಂದುಕೊಂಡರೆ ಅವರ ತಪ್ಪಲ್ಲ. ಬೇಸರವೇನೆಂದರೆ ಡಿಪೋಗಳೊಳಗೆ ಅನೇಕ ಪದಾಧಿಕಾರಿಗಳೂ ಹಾಗೆಯೇ ಅಂದುಕೊಂಡಿದ್ದಾರೆ. ಸಂಘ ಬದುಕಿದೆಯೋ ಇಲ್ಲವೋ ತಿಳಿಯಲು ಮುಷ್ಕರದ ದಿನದವರೆಗೆ ಕಾಯಬೇಕಿಲ್ಲ. ಡಿಪೋದ ನೋಟಿಸ್ ಬೋರ್ಡಿನಲ್ಲಿ ಫಾರ್ಮ್-4 ಹಚ್ಚಿದೆಯೇ, ಹಚ್ಚಿದ್ದರೆ ಅದರಲ್ಲಿ ಬರೆದ ವೇಳೆಗೆ ಗಾಡಿ ನಿಜವಾಗಿ ಮುಟ್ಟೀತೇ ಎಂದು ನೋಡಿದರೆ ಸಾಕು.

ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ: ಫಾರ್ಮ್-4 ಎಂದರೆ ಒಂದು ಶೆಡ್ಯೂಲಿನ, ಅಂದರೆ ಒಂದು ಗಾಡಿಗೂ ಅದರ ಸಿಬ್ಬಂದಿಗೂ ಗೊತ್ತುಮಾಡಿದ ಓಟದ, ಜಾತಕ. ಗಾಡಿ ಎಷ್ಟಕ್ಕೆ ಬಿಡಬೇಕು, ಯಾವ ಊರಿಗೆ ಎಷ್ಟಕ್ಕೆ ಮುಟ್ಟಬೇಕು, ಎಷ್ಟು ಕಿಲೋಮೀಟರು, ನಡುವೆ ಎಷ್ಟು ಬಿಡುವು, ಡ್ಯೂಟಿ ಎಷ್ಟು ಗಂಟೆ, ಓ.ಟಿ. (ಹೆಚ್ಚುವರಿ ದುಡಿಮೆ) ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಚಾಲಕನ ನಿದ್ದೆಯೂ ಪ್ರಯಾಣಿಕರ ಜೀವವೂ ಈ ಹಾಳೆಗೆ ಕಟ್ಟುಬಿದ್ದಿವೆ.

ಲೆಕ್ಕ ಹಾಕಿಯೇ ನೋಡೋಣ. ಯರಗಟ್ಟಿ, ಲೋಕಾಪುರ, ಮುಧೋಳ, ಜಮಖಂಡಿ ಮೇಲೆ ಬೆಳಗಾವಿಯಿಂದ ವಿಜಯಪುರಕ್ಕೆ ಅದೇ ದಿನ ಹೋಗಿಬರುವ ಒಂದು ಶೆಡ್ಯೂಲು ಇದೆ ಎಂದಿಟ್ಟುಕೊಳ್ಳಿ. ಒಂದು ಬದಿಗೆ 210 ಕಿ.ಮೀ. ಹಿಡಿಯಿರಿ. ನಿಲ್ದಾಣಗಳ ಒಳಹೊಕ್ಕು ಹೊರಬರುವುದು, ಹಳ್ಳಿಯ ಕ್ರಾಸುಗಳಲ್ಲಿ ನಿಲ್ಲುವುದು ಎಲ್ಲ ಸೇರಿ ಸರಾಸರಿ ಗಂಟೆಗೆ 40 ಕಿ.ಮೀ. ಬಿದ್ದರೆ ಒಂದು ಬದಿಗೆ 5 ಗಂಟೆ 15 ನಿಮಿಷ, ಎರಡೂ ಬದಿಗೆ 10 ಗಂಟೆ 30 ನಿಮಿಷ. ಬೆಳಿಗ್ಗೆ ಹಾಜರಿ ಹಾಕಿ, ನೀರು, ಆಯಿಲ್, ಟೈರು ನೋಡಿ, ಟಿಕೆಟ್ ಹರಿಯುವ ಇಟಿಎಂ ಮಷೀನು ಪಡೆದು ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ತರಲು ಅರ್ಧ ಗಂಟೆ. ಸಂಜೆ ಡೀಸೆಲ್ ತುಂಬಿಸಿ, ಗಾಡಿ ಒಳಹಾಕಿ, ಹಣ ಎಣಿಸಿ ಕಟ್ಟಿ, ಟಿಕೆಟ್ ಲೆಕ್ಕದ ಹಾಳೆಯಾದ ವೇಬಿಲ್ ಒಪ್ಪಿಸಲು ಮುಕ್ಕಾಲು ಗಂಟೆ. ದುಡಿಮೆಯೇ 11 ಗಂಟೆ 45 ನಿಮಿಷವಾಯಿತು. ವಿಜಯಪುರದಲ್ಲಿ ಊಟಕ್ಕೆ ಮುಕ್ಕಾಲು ಗಂಟೆ ಬಿಟ್ಟರೆ, ಬೆಳಿಗ್ಗೆ ಐದೂವರೆಗೆ ಡಿಪೋಕ್ಕೆ ಬಂದವನು ಹೊರಬೀಳುವುದು ಸಂಜೆ ಆರಕ್ಕೆ.

ಈಗ ಇದೇ ದಾರಿಗೆ ಕಾಗದದ ಮೇಲೆ ಸರಾಸರಿ 45 ಎಂದು ಬರೆಯಿರಿ. ಒಂದು ಬದಿ 4 ಗಂಟೆ 40 ನಿಮಿಷಕ್ಕೆ ಇಳಿಯಿತು. ಎರಡೂ ಬದಿ ಸೇರಿ 70 ನಿಮಿಷ ಮಾಯ. ಹಾಜರಿಯ ಅರ್ಧ ಗಂಟೆಯನ್ನೂ ಹಣ ಕಟ್ಟುವ ಮುಕ್ಕಾಲು ಗಂಟೆಯನ್ನೂ ಹತ್ತು ಹತ್ತು ನಿಮಿಷ ಮಾಡಿ, ಇನ್ನೊಂದು 55 ನಿಮಿಷ ಮಾಯ. ರಸ್ತೆಯ ಒಂದು ತಗ್ಗೂ ಮುಚ್ಚಲಿಲ್ಲ, ಗಾಡಿಗೆ ಒಂದು ಬೋಲ್ಟೂ ಹೊಸದು ಬೀಳಲಿಲ್ಲ, ಆದರೂ ಹನ್ನೊಂದೂಮುಕ್ಕಾಲು ಗಂಟೆಯ ದುಡಿಮೆ 9 ಗಂಟೆ 40 ನಿಮಿಷಕ್ಕೆ ಬಂದು ನಿಂತಿತು. ಆ 70 ನಿಮಿಷವನ್ನು ಚಾಲಕ ಆಕ್ಸಿಲರೇಟರ್ ಒತ್ತಿ ತುಂಬಬೇಕು, ಉಳಿದ 55 ನಿಮಿಷವನ್ನು ಮನೆಯ ಹೊತ್ತಿನಿಂದ ಕೊಡಬೇಕು. ನಡುವೆ ಒಂದು ಟೈರು ಪಂಕ್ಚರಾದರೆ ಮುಗಿಯಿತು.

ಕಾನೂನು ಇದಕ್ಕೆಲ್ಲ ಅವಕಾಶ ಕೊಟ್ಟಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತ್ತು. ದೂರದ ಮಾರ್ಗಗಳಿಗೂ ಜಾತ್ರೆ ಹಬ್ಬಗಳಿಗೂ ಇದು ದಿನಕ್ಕೆ 10, ವಾರಕ್ಕೆ 54ರವರೆಗೆ ಹೋಗಬಹುದಿತ್ತು. ಸತತ 5 ಗಂಟೆ ದುಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ, ಬಿಡುವೂ ಸೇರಿ ಇಡೀ ದಿನದ ಹರವು 12 ಗಂಟೆ ಮೀರದಿರುವುದು, ಒಂದು ಡ್ಯೂಟಿ ಮುಗಿದು ಇನ್ನೊಂದು ಹತ್ತುವ ನಡುವೆ ಸತತ 9 ಗಂಟೆ, ಹೆಚ್ಚಿನ ದುಡಿಮೆಗೆ ದುಪ್ಪಟ್ಟು ಕೂಲಿ, ಎಲ್ಲವೂ ಅದರಲ್ಲಿತ್ತು. ಮೇಲಿನ ಶೆಡ್ಯೂಲಿಗೆ ಈ ಅಳತೆ ಹಿಡಿದರೆ ಮೊದಲ ಬದಿಯಲ್ಲೇ ತಪ್ಪುತ್ತದೆ. 5 ಗಂಟೆ 15 ನಿಮಿಷದ ಓಟಕ್ಕೆ ಮುಧೋಳದಲ್ಲೋ ಜಮಖಂಡಿಯಲ್ಲೋ ಅರ್ಧ ಗಂಟೆ ನಿಲುಗಡೆ ಬೇಕು. ಅದನ್ನು ಕೊಟ್ಟರೆ ದಿನದ ಹರವು ಇನ್ನೂ ಹಿಗ್ಗುತ್ತದೆ. ಹಾಗಾಗಿ ಇದು ಒಂದು ದಿನದ ಡ್ಯೂಟಿಯೇ ಅಲ್ಲ: ರಾತ್ರಿ ವಸ್ತಿ ಹಾಕಿ ಎರಡು ದಿನದ್ದು ಮಾಡಬೇಕು, ಇಲ್ಲವೇ ನಡುದಾರಿಯಲ್ಲಿ ಸಿಬ್ಬಂದಿ ಬದಲಾಗಬೇಕು.

ಹಣ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಗಾಡಿ ಪಡೆಯುವುದು, ಒಳಹಾಕುವುದು, ಸಹಿ ಮಾಡಿದ ಜಾಗದಿಂದ ಗಾಡಿ ಇರುವಲ್ಲಿಗೆ ಹೋಗುವುದು, ಇವೂ ದುಡಿಮೆಯ ಗಂಟೆಯೊಳಗೆ ಬರುತ್ತವೆ ಎಂದು ಆ ಕಾಯ್ದೆ ಬಿಡಿಸಿ ಹೇಳಿತ್ತು. ಕೊನೆಯ ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾದರೆ ಅದು ಬಿಡುವಲ್ಲ, ಅದೂ ದುಡಿಮೆಯೇ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಎಂಟು ಗಂಟೆಯ ಲೆಕ್ಕವೂ ಈ ಉಪಕೆಲಸಗಳ ಲೆಕ್ಕವೂ ಅಲ್ಲಿ ಉಳಿದಿವೆ. ಇದನ್ನು ಓದಿಕೊಂಡು ಡಿಪೋ ಮ್ಯಾನೇಜರ್ ಮೇಜಿನ ಮೇಲೆ ಇಡುವ ಒಬ್ಬ ಪದಾಧಿಕಾರಿ ಇದ್ದರೆ ಅರ್ಧ ಕೆಲಸ ಆದಂತೆ.

ನಮ್ಮ ಭಾಗಕ್ಕೆ ಇನ್ನೊಂದು ಗಂಟಿದೆ. ಕಬ್ಬಿನ ಹಂಗಾಮು. ನವೆಂಬರ್ ಹಿಡಿದು ಮಾರ್ಚ್‌ವರೆಗೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಸೀಮೆಯ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಹಿಂದೆ ರಿಫ್ಲೆಕ್ಟರ್ ಇರುವುದಿಲ್ಲ, ಕಬ್ಬು ಎರಡೂ ಬದಿ ಚಾಚಿರುತ್ತದೆ, ಕಾರ್ಖಾನೆಯ ಹತ್ತಿರ ಅರ್ಧ ರಸ್ತೆಯೇ ನಿಲುಗಡೆ. ಜೂನ್ ತಿಂಗಳಲ್ಲಿ ಹೊಂದುವ ಓಟದ ವೇಳೆ ಜನವರಿಯಲ್ಲಿ ಹೊಂದುವುದಿಲ್ಲ. ಆದರೂ ಫಾರ್ಮ್-4 ವರ್ಷಪೂರ್ತಿ ಒಂದೇ. ಹಂಗಾಮಿಗೊಂದು, ಹಂಗಾಮು ಮುಗಿದ ಮೇಲೆ ಇನ್ನೊಂದು ಫಾರ್ಮ್-4 ಬೇಕೆಂದು ಕೇಳುವುದು ಸಂಘದ ಕೆಲಸ. ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಇಟಿಎಂನಿಂದ ಹರಿಯುವ ಪ್ರತಿ ಟಿಕೆಟಿನ ಮೇಲೂ ವೇಳೆ ಇರುತ್ತದೆ. ಒಂದು ಊರಿನಲ್ಲಿ ಹರಿದ ಮೊದಲ ಟಿಕೆಟಿನ ವೇಳೆ ಹಿಡಿದರೆ ಗಾಡಿ ಅಲ್ಲಿಗೆ ಮುಟ್ಟಿದ ಹೊತ್ತು ಹೆಚ್ಚುಕಡಿಮೆ ಸಿಕ್ಕಂತೆ. ಒಂದೇ ಶೆಡ್ಯೂಲಿನ ಹದಿನೈದು ದಿನದ ಇಂಥ ವೇಳೆಗಳನ್ನು, ಸೋಮವಾರದ ಮತ್ತು ಸಂತೆಯ ದಿನದ ಗದ್ದಲವೂ ಸೇರುವಂತೆ, ಒಂದು ಹಾಳೆಗೆ ಇಳಿಸಿ ಫಾರ್ಮ್-4ರ ವೇಳೆಯ ಪಕ್ಕ ಬರೆದು ಕೊಟ್ಟರೆ ಅದು ಮನವಿಯಲ್ಲ, ಪುರಾವೆ. ಉತ್ತರ ಬರದಿದ್ದರೆ ಅದೇ ಹಾಳೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ಇಲ್ಲಿ ಸಂಘದವರ ಮುಖಕ್ಕೂ ಕನ್ನಡಿ ಹಿಡಿಯಬೇಕು. ಇಂಥ ಶೆಡ್ಯೂಲುಗಳು ವರ್ಷಗಟ್ಟಲೆ ಉಳಿಯುವುದು ಅಧಿಕಾರಿಗಳ ಹಟದಿಂದಷ್ಟೇ ಅಲ್ಲ. ಓ.ಟಿ. ಜಾಸ್ತಿ ಇರುವ ಡ್ಯೂಟಿಗೆ ಒಳಗೇ ಪೈಪೋಟಿ ಇದೆ. ಮಕ್ಕಳ ಫೀಜು, ಮನೆಯ ಸಾಲದ ಕಂತು ಇರುವವನು ಹನ್ನೆರಡು ಗಂಟೆ ದುಡಿಯಲು ತಯಾರಿರುತ್ತಾನೆ. ಅವನಿಗೆ ಫಾರ್ಮ್-4 ಸರಿಮಾಡುತ್ತೇವೆ ಅಂದರೆ ಪಗಾರ ಕಡಿಮೆ ಮಾಡಲು ಬಂದವರಂತೆ ಕಾಣುತ್ತೇವೆ. ಹಗುರ ಡ್ಯೂಟಿಗಳು ಯಾರ ಪಾಲಿಗೆ ಹೋಗುತ್ತವೆ ಎಂಬುದೂ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಮಾರ್ಗ ಹಂಚಿಕೆ ಸೇವಾ ಹಿರಿತನದ ಪಟ್ಟಿಯಂತೆ, ಎಲ್ಲರ ಎದುರು, ಗೊತ್ತಾದ ಅವಧಿಗೊಮ್ಮೆ ಆಗಲಿ ಎಂದು ಕೇಳುವ ಧೈರ್ಯ ಇರುವುದು ತಾವು ಆಯ್ದ ಡ್ಯೂಟಿ ತೆಗೆದುಕೊಳ್ಳದ ಪದಾಧಿಕಾರಿಗಳಿಗೆ ಮಾತ್ರ.

ಎರಡನೆಯ ಕಾಗದ ಲಾಗ್‌ಶೀಟು. ಡ್ಯೂಟಿ ಮುಗಿದ ಮೇಲೆ ಚಾಲಕ ಗಾಡಿಯ ದೋಷ ಬರೆಯುವ ಜಾಗ ಅದು. ಹೆಚ್ಚಿನವರು ಬರೆಯುವುದು ‘ಬ್ರೇಕ್ ಸರಿ ಇಲ್ಲ’, ‘ಗಾಡಿ ಎಳೆಯುವುದಿಲ್ಲ’ ಎಂದು. ಅದಕ್ಕೆ ವರ್ಕ್‌ಶಾಪಿನಿಂದ ಬರುವ ಉತ್ತರವೂ ಅಷ್ಟೇ ಚಿಕ್ಕದು: ‘ನೋಡಲಾಗಿದೆ’. ಹಾಗೆ ಬರೆಯದೆ, ಏರ್ ಗೇಜು 5 ಬಾರ್ ಮೇಲೆ ಏರಲು ಇಷ್ಟು ನಿಮಿಷ ಹಿಡಿಯುತ್ತದೆ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷಕ್ಕೆ ಗಾಳಿ ಇಷ್ಟು ಇಳಿಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಸೆಳೆಯುತ್ತದೆ, ಹಿಂದಿನ ಬಲಗಾಲಿಯ ಡ್ರಮ್ಮು ಬಿಸಿಯಾಗುತ್ತದೆ ಎಂದು ಬರೆಯಬೇಕು. ಗಾಳಿ ಇಳಿಯುತ್ತಿದ್ದರೆ ಪೈಪಿನಲ್ಲೋ ವಾಲ್ವಿನಲ್ಲೋ ಬ್ರೇಕ್ ಚೇಂಬರಿನ ಡಯಾಫ್ರಮ್ಮಿನಲ್ಲೋ ಸೋರಿಕೆ. ಒಂದು ಬದಿಗೆ ಸೆಳೆದರೆ ಎರಡು ಗಾಲಿಯ ಬ್ರೇಕ್ ಲೈನರಿನ ಅಥವಾ ಬ್ರೇಕಿನ ಸಡಿಲ ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರಿನ ಹೊಂದಾಣಿಕೆ ತಪ್ಪಿದೆ. ಡ್ರಮ್ಮು ಬಿಸಿಯಾದರೆ ಬ್ರೇಕು ಹಿಡಿದದ್ದು ಬಿಡುತ್ತಿಲ್ಲ. ಹೀಗೆ ಬಿಡಿಸಿ ಬರೆದ ದೋಷಕ್ಕೆ ‘ನೋಡಲಾಗಿದೆ’ ಎಂದು ಬರೆಯಲು ಮೆಕ್ಯಾನಿಕ್ಕಿನ ಕೈ ನಡುಗುತ್ತದೆ. ಟೈರಿನದ್ದೂ ಅಷ್ಟೇ. ಸವೆದಿದೆ ಎಂದರೆ ವಾದ. ಟೈರಿನ ಮೇಲಿನ ಗೀರಿನ (ಟ್ರೆಡ್) ಆಳ 1.6 ಮಿ.ಮೀ.ಗಿಂತ ಕಡಿಮೆ ಎಂದರೆ ನಿಯಮ. ಮೆಕ್ಯಾನಿಕ್ಕುಗಳನ್ನು ಬೈದೂ ಪ್ರಯೋಜನವಿಲ್ಲ. ಬಿಡಿಭಾಗ ಇಲ್ಲದೆ, ಕೈ ಸಾಲದೆ, ಕೆಟ್ಟುನಿಂತ ಗಾಡಿಯ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವ ಗತಿ ಅವರದು. ಅವರೂ ಇದೇ ಸಂಘದ ಸದಸ್ಯರು.

ಲಾಗ್‌ಶೀಟಿನ ಬೆಲೆ ಗೊತ್ತಾಗುವುದು ಅಪಘಾತವಾದ ಮೇಲೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಠಾಣೆಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಹೊಣೆ. ಜನ ಕೈಮಾಡುವ ಭಯವಿದ್ದರೆ ಓಡಿಹೋಗದೆ ನೇರ ಠಾಣೆಗೇ ಹೋಗಬೇಕು. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 281ನೇ ಕಲಂ ಬೀಳುತ್ತವೆ. ಆಮೇಲೆ ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ವರದಿ ಕೊಡುತ್ತಾರೆ. ‘ಯಾಂತ್ರಿಕ ದೋಷದಿಂದ ಆದದ್ದಲ್ಲ’ ಎಂಬ ಒಂದು ಸಾಲು ಅದರಲ್ಲಿ ಬಂದರೆ ಚಾಲಕನ ಬಾಗಿಲು ಮುಚ್ಚಿದಂತೆ. ಆದ್ದರಿಂದ ಮೊದಲ ದಿನವೇ, ಪರೀಕ್ಷೆಗಿಂತ ಮುಂಚೆ, ಹಿಂದಿನ ಒಂದು ತಿಂಗಳ ಲಾಗ್‌ಶೀಟುಗಳ ಪ್ರತಿಗೆ ಲಿಖಿತ ಅರ್ಜಿ ಹಾಕಿ ಸ್ವೀಕೃತಿ ಪಡೆಯುವುದು ಸಂಘದ ಕೆಲಸ. ವಾರ ಬಿಟ್ಟು ಕೇಳಿದರೆ ಆ ಹಾಳೆಗಳು ಸಿಗದಿರುವುದೂ ಉಂಟು. ಹಿಂದಿನ ದಿನಗಳ ಡ್ಯೂಟಿ ಗಂಟೆಗಳ ವಿವರವನ್ನೂ ಜೊತೆಗೇ ತೆಗೆದಿಡಬೇಕು. ನಿದ್ದೆಗೆಟ್ಟವನನ್ನು ಗಾಡಿ ಹತ್ತಿಸಿದ್ದು ಯಾರು ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ಕೋರ್ಟಿನಲ್ಲಿ ಖುಲಾಸೆಯಾದರೆ ಇಲಾಖಾ ವಿಚಾರಣೆ ತಾನಾಗಿ ಬಿದ್ದುಹೋಗುತ್ತದೆಂದು ಬಹಳ ಚಾಲಕರು ನಂಬಿದ್ದಾರೆ. ಹಾಗಿಲ್ಲ. ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

ನಿರ್ವಾಹಕರ ಮಾತಿಗೆ ಬರೋಣ. ಸಂಘಕ್ಕೆ ಹೆಚ್ಚು ಕೆಲಸ ಇರುವುದು, ಹೆಚ್ಚು ಸೋಲು ಆಗುವುದೂ ಇಲ್ಲೇ. ತನಿಖಾ ಸಿಬ್ಬಂದಿ ಗಾಡಿ ಹತ್ತುತ್ತಾರೆ, ತಲೆ ಎಣಿಸುತ್ತಾರೆ, ಮಷೀನಿನ ಲೆಕ್ಕ ತೆಗೆದು ತಾಳೆ ನೋಡುತ್ತಾರೆ, ವ್ಯತ್ಯಾಸ ಕಂಡರೆ ಅಲ್ಲೇ ಆಫೆನ್ಸ್ ಮೆಮೊ (ತಪ್ಪಿನ ಆರೋಪದ ಚೀಟಿ) ಬರೆಯುತ್ತಾರೆ. ಗಾಡಿ ತುಂಬಿ ತುಳುಕುತ್ತಿರುತ್ತದೆ, ಪ್ರಯಾಣಿಕರು ಹೊತ್ತಾಯಿತೆಂದು ಕೂಗುತ್ತಿರುತ್ತಾರೆ, ನಿರ್ವಾಹಕ ಬೆವರುತ್ತ ‘ತಪ್ಪಾಗಿದೆ, ಕ್ಷಮಿಸಬೇಕು’ ಎಂದು ಎರಡು ಪದ ಗೀಚಿ ಸಹಿ ಹಾಕುತ್ತಾನೆ. ಮುಂದಿನ ಎಲ್ಲ ಅನಾಹುತಕ್ಕೂ ಆ ಎರಡು ಪದವೇ ತಾಯಿಬೇರು. ಟಿಕೆಟ್ ಪಡೆಯದ ಪ್ರಯಾಣಿಕನನ್ನು ವಿಚಾರಣೆಗೆ ಸಾಕ್ಷಿಯಾಗಿ ಕರೆಸಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲೇ, ಹರಿಯಾಣದ ಬಸ್ ನಿರ್ವಾಹಕರೊಬ್ಬರ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಮೊತ್ತ ಚಿಕ್ಕದು ಎಂಬ ವಾದವೂ ನಡೆಯುವುದಿಲ್ಲ. 2001ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ವಜಾ ಆದೇಶವನ್ನು ಎತ್ತಿಹಿಡಿದಿದೆ. ಈ ಎರಡು ತೀರ್ಪುಗಳ ಮುಂದೆ ನಿರ್ವಾಹಕನಿಗೆ ಉಳಿಯುವ ಆಸರೆ ಸ್ಥಳದಲ್ಲಿ ಅವನೇ ಬರೆದ ಬರಹ ಮಾತ್ರ.

ಅದರಲ್ಲಿ ಏನಿರಬೇಕು? ತನಿಖೆಯ ವೇಳೆ, ಜಾಗ, ಹಿಂದಿನ ನಿಲುಗಡೆಯ ಹೆಸರು, ಅಲ್ಲಿಂದ ಎಷ್ಟು ದೂರ ಬಂದಿತ್ತು, ಅಲ್ಲಿ ಎಷ್ಟು ಜನ ಹತ್ತಿದರು, ಗಾಡಿಯಲ್ಲಿ ಒಟ್ಟು ಎಷ್ಟು ಜನರಿದ್ದರು. 55 ಸೀಟಿನ ಗಾಡಿಯಲ್ಲಿ 90 ಜನರಿದ್ದು, ಹಿಂದಿನ ಕ್ರಾಸಿನಲ್ಲಿ 18 ಜನ ಹತ್ತಿ, 2 ಕಿ.ಮೀ. ಒಳಗೇ ತನಿಖೆಯಾಗಿದ್ದರೆ ಟಿಕೆಟ್ ಕೊಡಲು ಸಿಕ್ಕ ಹೊತ್ತು ಮೂರು ನಿಮಿಷ. ಆ ಅಂಕಿಗಳು ಮೆಮೊದ ಮೇಲೆ ಇದ್ದರೆ ಪ್ರಕರಣ ‘ಹಣ ಪಡೆದು ಟಿಕೆಟ್ ಕೊಡಲಿಲ್ಲ’ ಎಂಬುದರಿಂದ ‘ಟಿಕೆಟ್ ಕೊಡುತ್ತಿದ್ದಾಗ ತನಿಖೆಯಾಯಿತು’ ಎಂಬುದಕ್ಕೆ ಇಳಿಯುತ್ತದೆ. ಇವೆರಡರ ನಡುವಿನ ಅಂತರ ನೌಕರಿಯದ್ದು. ಮಷೀನಿನ ಬ್ಯಾಟರಿ ಸತ್ತಿತ್ತೇ, ಪೇಪರ್ ರೋಲು ಸಿಕ್ಕಿಕೊಂಡಿತ್ತೇ, ಯುಪಿಐ ಪಾವತಿ ಅರ್ಧಕ್ಕೆ ನಿಂತಿತ್ತೇ, ಎಲ್ಲ ಬರೆಯಬೇಕು. ಖಾಲಿ ಜಾಗವಿರುವ ಮೆಮೊಕ್ಕೆ ಸಹಿ ಹಾಕಬಾರದು. ಹಾಕಲೇಬೇಕಾದರೆ ಖಾಲಿ ಜಾಗಕ್ಕೆ ಗೆರೆ ಎಳೆದು ಹಾಕಬೇಕು. ಡ್ಯೂಟಿ ಹತ್ತುವಾಗ ಜೇಬಿನ ಸ್ವಂತ ಹಣವನ್ನು ದಾಖಲಿಸುವುದನ್ನು ಮರೆಯಬಾರದು. ಮಗಳ ಔಷಧಿಗೆಂದು ಇಟ್ಟುಕೊಂಡ ಐನೂರು ರೂಪಾಯಿ ಬ್ಯಾಗಿನಲ್ಲಿ ‘ಹೆಚ್ಚುವರಿ ಹಣ’ವಾಗಿ ಕಾಣುವುದು ಹೀಗೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ತೊಡಕಿಗೆ ಹೊಸ ಎಳೆ ಸೇರಿದೆ. ಹಣ ಇಲ್ಲದ ಟಿಕೆಟಾದರೂ ಪ್ರತಿ ಮಹಿಳೆಗೂ ಶೂನ್ಯ ಟಿಕೆಟ್ ಹರಿಯಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ಹಂಚಿದ ಶೂನ್ಯ ಟಿಕೆಟಿನ ಲೆಕ್ಕದ ಮೇಲೆ ಸರ್ಕಾರದಿಂದ ಹಣ ಬರುವುದರಿಂದ ಒಂದು ಹೆಚ್ಚಾದರೂ ಆಪಾದನೆ, ಕಡಿಮೆಯಾದರೂ ಆಪಾದನೆ. ‘ಪುಕ್ಕಟೆ ಟಿಕೆಟು ಯಾಕ ಬೇಕ್ರಿ’ ಎಂದು ಅದನ್ನು ಕಿಟಕಿಯಿಂದ ಬಿಸಾಡುವವರು ದಿನಾ ಸಿಗುತ್ತಾರೆ. ತನಿಖೆ ಬಂದಾಗ ಕಷ್ಟಕ್ಕೆ ಬೀಳುವವನು ನಿರ್ವಾಹಕ. ಗಡಿಭಾಗದಲ್ಲಿ ಇನ್ನೂ ಗೊಂದಲ. ಕೊಲ್ಹಾಪುರಕ್ಕೋ ಸೊಲ್ಲಾಪುರಕ್ಕೋ ಹೋಗುವ ಅಂತರರಾಜ್ಯ ಗಾಡಿ ಹತ್ತಿ ‘ನಮ್ಮೂರು ಕರ್ನಾಟಕದಾಗೇ ಐತಿ’ ಎಂದು ಜಗಳ ತೆಗೆಯುವವರಿಗೆ ನಿಯಮ ವಿವರಿಸುವುದು ಒಬ್ಬ ನಿರ್ವಾಹಕನ ಗಂಟಲಿನ ಕೆಲಸವಾಗಬಾರದು. ಬಾಗಿಲ ಪಕ್ಕ ದಪ್ಪಕ್ಷರದ ಬೋರ್ಡು ಹಾಕಿಸಲು ಸಂಘ ಪಟ್ಟುಹಿಡಿಯಬಹುದು. ಖರ್ಚು ಬಹಳವಿಲ್ಲ.

ಆಪಾದನಾ ಪತ್ರ ಬಂದ ಮೇಲಿನ ದಾರಿ ಸಾರಿಗೆ ನಿಗಮದ 1971ರ ನಡತೆ ಮತ್ತು ಶಿಸ್ತು ನಿಯಮಾವಳಿಯದ್ದು. ಉತ್ತರಕ್ಕೆ ಕೊಟ್ಟ ಗಡುವನ್ನು ಮೊದಲು ನೋಡಬೇಕು; ದಾಖಲೆ ಬೇಕಿದ್ದರೆ ಆ ಗಡುವಿನೊಳಗೇ ಪಟ್ಟಿಮಾಡಿ ಕೇಳಿ, ಅವು ಬಂದ ಮೇಲೆ ಉತ್ತರಿಸುವುದಾಗಿ ಬರೆದು ಕೊಡಬೇಕು. ಸುಮ್ಮನೆ ಕೂತರೆ ಆಪಾದನೆ ಒಪ್ಪಿದಂತೆ ನಡೆದುಕೊಳ್ಳುತ್ತಾರೆ. ವಿಚಾರಣೆಯಲ್ಲಿ ಸಹೋದ್ಯೋಗಿಯೊಬ್ಬರ ನೆರವು ಪಡೆಯಲು ಅವಕಾಶವಿದೆ. ಈ ನೆರವುಗಾರ ಭಾಷಣಕಾರನಾಗಬೇಕಿಲ್ಲ. ತನಿಖೆಯವರಿಗೆ ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು ಬರುವವನಾದರೆ ಸಾಕು: ತಲೆ ಎಣಿಸಿದ್ದು ಯಾರು, ಗಾಡಿ ಓಡುತ್ತಿದ್ದಾಗಲೋ ನಿಂತ ಮೇಲೋ, ಎಣಿಕೆ ಮುಗಿಯುವ ಮೊದಲು ಯಾರಾದರೂ ಇಳಿದರೇ, ಮಷೀನಿನ ವರದಿ ತೆಗೆದ ವೇಳೆ ಎಷ್ಟು, ಅದರ ಪ್ರತಿ ಕಡತದಲ್ಲಿದೆಯೇ. ಪ್ರತಿ ಡಿಪೋಕ್ಕೆ ಇಂಥ ಇಬ್ಬರನ್ನು ತಯಾರು ಮಾಡಿದರೆ ಸಂಘಕ್ಕೆ ದೊಡ್ಡ ವಕೀಲರ ಖರ್ಚು ಉಳಿಯುತ್ತದೆ. ನಿಜವಾಗಿ ಹಣ ಹೊಡೆದವನನ್ನು ಏನು ಮಾಡುವುದು ಎಂದು ಓದುಗರು ಕೇಳಬಹುದು. ವಿಚಾರಣೆ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವವರೆಗೆ ಸಂಘದ ಹೊಣೆ; ಕಳ್ಳತನಕ್ಕೆ ಕೊಡೆ ಹಿಡಿಯುವುದು ಸಂಘದ ಕೆಲಸವಲ್ಲ. ಅದನ್ನು ಮಾಡಿದ ಸಂಘಗಳ ಮಾತನ್ನು ಆಮೇಲೆ ನಿರಪರಾಧಿಯ ಪರವಾಗಿ ಹೇಳಿದಾಗಲೂ ಯಾರೂ ನಂಬಲಿಲ್ಲ.

ಹಲ್ಲೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಭಾಷೆಯ ನೆಪದಲ್ಲಿ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾಗಿ ಎರಡು ರಾಜ್ಯಗಳ ನಡುವೆ ಬಸ್ಸೇ ನಿಂತದ್ದು ಎಲ್ಲರಿಗೂ ನೆನಪಿದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 43ನೇ ಕಲಂ ಪ್ರಕಾರ ಕರ್ತವ್ಯದಲ್ಲಿರುವ ನಿಗಮದ ನೌಕರ ಸಾರ್ವಜನಿಕ ನೌಕರ. ಹಾಗಾಗಿ ದೂರಿನಲ್ಲಿ ಸಾರ್ವಜನಿಕ ನೌಕರನ ಮೇಲಿನ ಹಲ್ಲೆಗೆ ಅನ್ವಯಿಸುವ ನ್ಯಾಯ ಸಂಹಿತೆಯ 132ನೇ ಕಲಂ ಸೇರಬೇಕು. ಠಾಣೆಯಲ್ಲಿ ರಾಜಿ ಮಾಡಿಸಿ ಕಳಿಸುವುದೇ ಹೆಚ್ಚು. ಎದುರಿನವರು ಪ್ರತಿದೂರು ಕೊಡುವುದೂ ರೂಢಿ. ವೈದ್ಯಕೀಯ ತಪಾಸಣೆ ಅದೇ ದಿನ ಆಗಬೇಕು, ಹರಿದ ಸಮವಸ್ತ್ರ ಠಾಣೆಗೆ ಒಪ್ಪಿಸಬೇಕು, ಗಾಡಿಯಲ್ಲಿದ್ದ ಇಬ್ಬರ ಫೋನ್ ನಂಬರು ಬರೆದುಕೊಳ್ಳಬೇಕು. ಮೆರವಣಿಗೆ ಆಮೇಲೆ ಮಾಡಿದರಾಯಿತು.

ಪಗಾರದ ಮಾತು ಬರದೆ ಈ ಪತ್ರ ಮುಗಿಯದು. ಪಗಾರ ಪರಿಷ್ಕರಣೆ ನಾಲ್ಕು ವರ್ಷಕ್ಕೊಮ್ಮೆ ಆಗುತ್ತಾ ಬಂದದ್ದು. 2020ರ ಜನವರಿ 1ಕ್ಕೆ ಆಗಬೇಕಿದ್ದದ್ದು 2023ರ ಮಾರ್ಚ್ 1ರಿಂದ ಶೇ 15ರಷ್ಟು ಹೆಚ್ಚಳವಾಗಿ ಜಾರಿಗೆ ಬಂತು. ನಡುವಿನ 38 ತಿಂಗಳ ಬಾಕಿಗಾಗಿಯೇ ನಂತರದ ಜಗ್ಗಾಟ. 20,000 ರೂಪಾಯಿ ಮೂಲ ವೇತನದವನಿಗೆ ಶೇ 15 ಎಂದರೆ ತಿಂಗಳಿಗೆ 3,000. 38 ತಿಂಗಳಿಗೆ 1,14,000 ರೂಪಾಯಿ, ಭತ್ಯೆಗಳ ಮೇಲಿನ ಪರಿಣಾಮ ಬಿಟ್ಟು. ಇದನ್ನು ಕೇಳಿದರೆ ದುರಾಸೆ ಅನ್ನುವವರು ಪಿಂಚಣಿಯ ಲೆಕ್ಕವನ್ನೂ ನೋಡಬೇಕು. ನಿಗಮದ ನೌಕರನಿಗೆ ಸರ್ಕಾರಿ ಪಿಂಚಣಿ ಇಲ್ಲ, 1995ರ ಇಪಿಎಸ್ (ಪಿ.ಎಫ್. ಜೊತೆಗಿನ ನೌಕರರ ಪಿಂಚಣಿ ಯೋಜನೆ) ಇದೆ. ಸಾಮಾನ್ಯ ಸೂತ್ರದಲ್ಲಿ ಪಿಂಚಣಿಗೆ ಹಿಡಿಯುವ ಸಂಬಳದ ಮಿತಿ 15,000. ಅದನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 30 ವರ್ಷ ದುಡಿದವನಿಗೆ ಇನಾಮಿನ 2 ವರ್ಷ ಸೇರಿಸಿದರೂ ತಿಂಗಳಿಗೆ 6,857 ರೂಪಾಯಿ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಗೆ 6,500ರ ಹಳೆಯ ಮಿತಿ ಹಿಡಿಯುವುದರಿಂದ ಕೈಗೆ ಬರುವುದು ಅದಕ್ಕೂ ಕಡಿಮೆ. ಸರ್ಕಾರಿ ನೌಕರರಿಗೆ ಸಮನಾದ ವೇತನ ಎಂಬ ಕೂಗು ಎಲ್ಲಿಂದ ಹುಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆದರೆ ಕೂಗುವ ರೀತಿಯಲ್ಲಿ ಎಡವಿದ್ದೇವೆ. 2021ರ ಮುಷ್ಕರ ಏಪ್ರಿಲ್ 7ರಂದು ಶುರುವಾಯಿತು. ನಡುವೆ ಯುಗಾದಿ ಬಂತು, ಬೆಳಗಾವಿ ಲೋಕಸಭಾ ಉಪಚುನಾವಣೆಯೂ ಬಂತು. ಒತ್ತಡಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದು ಲೆಕ್ಕ ಹಾಕಿದವರು ಸೋಲುವ ಹೊತ್ತಿಗೆ ಹಿಂದೆ ಸರಿಯುವ ದಾರಿಯ ಲೆಕ್ಕ ಹಾಕಿರಲಿಲ್ಲ. ಹೈಕೋರ್ಟ್ ಹೇಳಿದ ಮೇಲೆ ಕೆಲಸಕ್ಕೆ ಮರಳಿದರು. ವಜಾ, ಅಮಾನತು, ದೂರದ ವರ್ಗಾವಣೆ ಅನುಭವಿಸಿದವರು ಸಾಮಾನ್ಯ ಸದಸ್ಯರು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನೋಟಿಸು ಕೊಟ್ಟು 14 ದಿನ ಕಾಯಬೇಕು, ಸಂಧಾನ ನಡೆಯುತ್ತಿರುವಾಗಲೂ ಮುಗಿದ 7 ದಿನದೊಳಗೂ ಮುಷ್ಕರ ಹೂಡುವಂತಿಲ್ಲ. ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ರಾಜ್ಯದ ಎಸ್ಮಾ ಕಾಯ್ದೆ ಬೇರೆ ತಲೆಯ ಮೇಲೆ. ಮಾತುಕತೆಗೆ ಕೂರುವ ಹಕ್ಕು ಹಾಜರಿಪಟ್ಟಿಯ ಶೇ 51ರಷ್ಟು ನೌಕರರ ಬೆಂಬಲವಿರುವ ಸಂಘಕ್ಕೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20ಕ್ಕೆ ಒಬ್ಬರಂತೆ ಸಂಘಗಳ ಸಮಾಲೋಚನಾ ಮಂಡಳಿ. ಒಂದೇ ಡಿಪೋದಲ್ಲಿ ನಾಲ್ಕು ಬಣದ ಬೋರ್ಡು ತೂಗುವ ನಮ್ಮಲ್ಲಿ ಈ ಅಂಕಿ ಯಾರಿಗೂ ದಾಟದೆ ಹೋಗಬಹುದು. ನೌಕರರ ಗುಪ್ತ ಮತದಾನ ಬೇಕೆಂದು ಎಲ್ಲ ಬಣಗಳೂ ಒಟ್ಟಿಗೆ ಕೇಳಲು ಇದು ತಕ್ಕ ಸಮಯ.

ನಮ್ಮ ಮೂರು ಜಿಲ್ಲೆಗಳಿಗೆ ಅಂಟಿದ ಒಂದು ತೊಂದರೆ ಇದೆ. ಬೆಳಗಾವಿ, ಬಾಗಲಕೋಟೆ ಹುಬ್ಬಳ್ಳಿಯ ವಾಯವ್ಯ ಸಾರಿಗೆಗೆ ಸೇರಿವೆ. ಕೃಷ್ಣೆ ದಾಟಿದರೆ ವಿಜಯಪುರ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆಗೆ. ಇಲ್ಲಿಯ ನೌಕರನ ರಿಟ್ ಅರ್ಜಿ ಧಾರವಾಡ ಪೀಠಕ್ಕೆ, ಅಲ್ಲಿಯವನದು ಕಲಬುರಗಿ ಪೀಠಕ್ಕೆ. ಪಗಾರದ ತೀರ್ಮಾನ ಮಾತ್ರ ಬೆಂಗಳೂರಿನಲ್ಲಿ. ಒಂದೇ ರಸ್ತೆಯಲ್ಲಿ ಓಡುವ ಎರಡು ನಿಗಮದ ಗಾಡಿಗಳ ವೇಳೆ ಹತ್ತು ನಿಮಿಷದ ಅಂತರದಲ್ಲಿ ಬಿದ್ದು, ಆದಾಯ ಕಡಿಮೆಯಾಯಿತೆಂದು ಎರಡೂ ಕಡೆಯ ನಿರ್ವಾಹಕರು ವಿವರಣೆ ಬರೆಯುವುದು ಮಾಮೂಲಾಗಿದೆ. ಎರಡು ನಿಗಮಗಳ ಜಿಲ್ಲಾ ಪದಾಧಿಕಾರಿಗಳು ಮೂರು ತಿಂಗಳಿಗೊಮ್ಮೆ ಕೂತು ಜಂಟಿ ವೇಳಾಪಟ್ಟಿ ಮಾಡಿ ಕೊಟ್ಟರೆ ಪ್ರಯಾಣಿಕರಿಗೂ ಅರ್ಧ ಗಂಟೆಗೊಂದು ಗಾಡಿ ಸಿಕ್ಕೀತು.

ವಸ್ತಿ ಗಾಡಿಗಳ ಸಿಬ್ಬಂದಿಗೆ ಹಳ್ಳಿಗಳಲ್ಲಿ ಮಲಗಲು ಗಾಡಿಯ ಸೀಟೇ ಗತಿ ಎಂಬುದನ್ನು, ಮಹಿಳಾ ನಿರ್ವಾಹಕರಿಗೆ ತಾಲ್ಲೂಕು ನಿಲ್ದಾಣದಲ್ಲೂ ಸ್ವಚ್ಛ ಶೌಚಾಲಯವಿಲ್ಲ ಎಂಬುದನ್ನು ಬರೆದು ಬರೆದು ಸಾಕಾಗಿದೆ. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು ಒಂದು ಕೋಣೆ, ನಲ್ಲಿ, ಬೀಗ ಕೇಳುವುದಕ್ಕೆ ಬೆಂಗಳೂರಿನ ಅನುಮತಿ ಬೇಕಾಗಿಲ್ಲ.

ಹೊರಗುತ್ತಿಗೆ ಚಾಲಕರನ್ನು ‘ನಮ್ಮವರಲ್ಲ’ ಎಂದು ದೂರ ಇಟ್ಟಿರುವುದು ಸಂಘಗಳ ದೊಡ್ಡ ತಪ್ಪು. ಅವರ ಪಿ.ಎಫ್. ತಿಂಗಳು ತಿಂಗಳು ಜಮೆಯಾಗಿದೆಯೇ ಎಂದು ಯುಎಎನ್ (ಪಿ.ಎಫ್. ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ನೋಡಲು ಕಲಿಸಬೇಕು. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕನಾದ ನಿಗಮವೇ ಕೊಡಬೇಕೆಂಬ ನಿಯಮ ತಿಳಿಸಬೇಕು. ಲಾರಿ, ಟೆಂಪೊ, ಆಟೊದವರಿಗೆ, ಕ್ಲೀನರು, ಗ್ಯಾರೇಜಿನ ಹುಡುಗರಿಗೆ 2024ರ ರಾಜ್ಯ ಕಾಯ್ದೆಯಡಿ ಸಾಮಾಜಿಕ ಭದ್ರತಾ ಮಂಡಳಿ ಬಂದಿದೆ. ನೋಂದಣಿ ಮಾಡಿಸಿಕೊಡುವ ಒಂದು ಮೇಜು ಹಾಕಿದರೆ ಅವರೂ ಜೊತೆಗೆ ಬರುತ್ತಾರೆ.

ಕೊನೆಗೆ ವರ್ಗಣಿಯ ವಿಷಯ. ಮುಷ್ಕರಕ್ಕೆಂದು, ಕೇಸಿಗೆಂದು, ಸಮಾವೇಶಕ್ಕೆಂದು ಡಿಪೋಗಳಲ್ಲಿ ಎತ್ತುವ ಹಣಕ್ಕೆ ರಸೀದಿ ಇರುವುದು ಅಪರೂಪ. 1926ರ ಕಾಯ್ದೆಯ ಕಾಲದಿಂದಲೂ ನೋಂದಾಯಿತ ಸಂಘ ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಕೊಡಬೇಕು, ಲೆಕ್ಕದ ಪುಸ್ತಕ ಮತ್ತು ಸದಸ್ಯರ ಪಟ್ಟಿಯನ್ನು ನೋಡುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಮುಂದಿನ ಸಲ ವರ್ಗಣಿ ಕೇಳಲು ಬಂದವರ ಹತ್ತಿರ ಸದಸ್ಯರು ಹೋದ ವರ್ಷದ ಲೆಕ್ಕದ ಪ್ರತಿ ಕೇಳಲಿ. ಜೊತೆಗೆ, ಈ ವರ್ಷ ಎಷ್ಟು ಶೆಡ್ಯೂಲುಗಳ ಫಾರ್ಮ್-4 ಮೇಲೆ ತಕರಾರು ಹಾಕಿದಿರಿ, ಎಷ್ಟು ವಿಚಾರಣೆಗಳಲ್ಲಿ ನೆರವಿಗೆ ಕೂತಿರಿ ಎಂದೂ ಕೇಳಲಿ.

ಇತಿ,
ನಿವೃತ್ತ ಸಾರಿಗೆ ನೌಕರ, ಜಮಖಂಡಿ (ಜಿ. ಬಾಗಲಕೋಟೆ)